ಬೆಳಕು ಬಿದ್ರೆ ಮಾತ್ರ ಕೆಲಸ ಮಾಡೋ ಔಷಧಿ: ಪಾರ್ಫಿರಿನ್ ಮತ್ತು ಪಿಡಿಟಿ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಪಾರ್ಫಿರಿನ್ ಕೆಮಿಸ್ಟ್ರಿ ಮಾಡೋದು, ಡಾಕ್ಟರ್ ಅಲ್ಲ. ಫೋಟೋಡೈನಾಮಿಕ್ ಥೆರಪಿ, ಅಂದ್ರೆ ಪಿಡಿಟಿ (ಔಷಧಿ ಕೊಟ್ಟು, ಆಮೇಲೆ ಗಡ್ಡೆ ಮೇಲೆ ಬೆಳಕು ಬಿಟ್ಟು ಅದನ್ನ ಸಾಯಿಸೋ ಚಿಕಿತ್ಸೆ) ಬಗ್ಗೆ ಪೇಪರಲ್ಲಿ ಸುದ್ದಿ ಬಂದಾಗೆಲ್ಲ ಹೆಚ್ಚುಕಮ್ಮಿ ಇದೇ ಪ್ರಶ್ನೆಗಳು ಬರ್ತವೆ, ಕೆಲವು ಎಂಎಸ್ಸಿ ಮಕ್ಕಳದು, ಕೆಲವು ಮನೇಲಿ ಕ್ಯಾನ್ಸರ್ ಪೇಷೆಂಟ್ ಇರೋರ್ದು. ಇಬ್ರಿಗೂ ಉಪಯೋಗ ಆಗ್ಲಿ ಅಂತ ಒಂದೇ ಕಡೆ ಬರೆದಿದೀನಿ. ಟ್ರೀಟ್‌ಮೆಂಟ್ ಯಾವುದು ಅಂತ ತೀರ್ಮಾನ ಮಾಡೋದು ಮಾತ್ರ ನಿಮ್ಮ ಆಂಕಾಲಜಿಸ್ಟ್ ಹತ್ರಾನೇ ಕೂತು.

ಪಾರ್ಫಿರಿನ್ ಅಂದ್ರೆ ಏನು?

ನಾಲ್ಕು ಪಿರೋಲ್ ಉಂಗುರಗಳು ಒಂದಕ್ಕೊಂದು ಸೇರಿಕೊಂಡು ಆಗಿರೋ ಒಂದು ದೊಡ್ಡ ಚಪ್ಪಟೆ ಉಂಗುರ. ಮಧ್ಯದಲ್ಲಿ ಒಂದು ಲೋಹದ ಅಯಾನ್ ಕೂರೋವಷ್ಟು ಜಾಗ ಇರತ್ತೆ. ಅಲ್ಲಿ ಕಬ್ಬಿಣ ಕೂತ್ರೆ ಹೀಮ್, ನಮ್ಮ ರಕ್ತ ಕೆಂಪಗಿರೋದು ಅದರಿಂದ. ಉಂಗುರ ಸ್ವಲ್ಪ ಬದಲಾಗಿ ಮೆಗ್ನೀಷಿಯಂ ಕೂತ್ರೆ ಎಲೆ ಹಸಿರು, ಕ್ಲೋರೋಫಿಲ್. ಹಾಗಾಗಿ ಇದು ದೇಹಕ್ಕೆ ಗೊತ್ತಿಲ್ದೇ ಇರೋ ವಸ್ತು ಏನಲ್ಲ, ದಿನಾ ನಮ್ಮ ದೇಹಾನೇ ಮಾಡ್ತಾ ಇರತ್ತೆ. ಹೀಮ್ ಮಾಡೋ ಕೆಲಸದಲ್ಲಿ ಎಲ್ಲೋ ಒಂದು ಎಂಜೈಮ್ ಕೆಟ್ಟು ಪಾರ್ಫಿರಿನ್ ಹಾಗೇ ಉಳ್ಕೊಂಡ್ರೆ ಪಾರ್ಫೈರಿಯಾ ಅನ್ನೋ ಕಾಯಿಲೆ, ಅದರಲ್ಲಿ ಕೆಲವು ಬಗೆಯೋರಿಗೆ ಬಿಸಿಲು ಬಿದ್ರೆ ಚರ್ಮ ಬೊಬ್ಬೆ ಏಳತ್ತೆ. ಆ ಕಾಯಿಲೇಲಿ ಆಗೋದನ್ನೇ ಬೇಕಾದ ಜಾಗದಲ್ಲಿ, ಬೇಕಾದಷ್ಟು ಹೊತ್ತು ಮಾತ್ರ ಆಗೋ ಹಾಗೆ ಮಾಡೋದೇ ಪಿಡಿಟಿ.

ಬೆಳಕು ಬಿದ್ರೆ ಒಳಗೆ ಏನಾಗತ್ತೆ?

ಪಾರ್ಫಿರಿನ್ ಬೆಳಕನ್ನ ಹೀರಿಕೊಂಡು ಮೇಲಿನ ಎನರ್ಜಿ ಮಟ್ಟಕ್ಕೆ ಹೋಗತ್ತೆ. ಅದು ಸಿಂಗ್ಲೆಟ್ ಸ್ಥಿತಿ, ನ್ಯಾನೋಸೆಕೆಂಡ್ ಲೆಕ್ಕದಲ್ಲಿ ಮುಗಿದು ಹೋಗತ್ತೆ, ಒಂದಿಷ್ಟು ಕೆಂಪಗೆ ಮಿಂಚಿ ವಾಪಸ್ ಬರತ್ತೆ, ಉಳಿದಿದ್ರಲ್ಲಿ ಹೆಚ್ಚಿನ ಪಾಲು ಟ್ರಿಪ್ಲೆಟ್ ಅನ್ನೋ ಇನ್ನೊಂದು ಸ್ಥಿತಿಗೆ ಜಾರತ್ತೆ. ಟ್ರಿಪ್ಲೆಟ್ ಜಾಸ್ತಿ ಹೊತ್ತು ಬದುಕತ್ತೆ, ಅಷ್ಟರಲ್ಲಿ ಪಕ್ಕದಲ್ಲಿ ಆಕ್ಸಿಜನ್ ಸಿಕ್ಕಿದ್ರೆ ತನ್ನ ಎನರ್ಜೀನ ಅದಕ್ಕೆ ಕೊಟ್ಟುಬಿಡತ್ತೆ. ಹಾಗೆ ಹುಟ್ಟೋದೇ ಸಿಂಗ್ಲೆಟ್ ಆಕ್ಸಿಜನ್. ಇದು ಕೊಬ್ಬು, ಪ್ರೋಟೀನ್, ಪೊರೆ ಯಾವುದು ಸಿಕ್ಕಿದ್ರೂ ಸುಮ್ಮನೆ ಬಿಡಲ್ಲ. ಜೀವಕೋಶದ ಒಳಗೆ ಅದರ ಆಯಸ್ಸು ಕೆಲವೇ ಮೈಕ್ರೋಸೆಕೆಂಡು, ಅಷ್ಟರಲ್ಲಿ ಓಡಾಡೋ ದೂರ ಒಂದು ಮೈಕ್ರಾನ್‌ಗಿಂತ ತುಂಬಾ ಕಮ್ಮಿ, ಒಂದು ಜೀವಕೋಶಾನೇ ಹತ್ತಿಪ್ಪತ್ತು ಮೈಕ್ರಾನ್ ಇರತ್ತೆ ಅಂತ ನೆನಪಿಟ್ಕೊಳ್ಳಿ. ಅಂದ್ರೆ ಎಲ್ಲಿ ಹುಟ್ತೋ ಅಲ್ಲೇ ಸುಡತ್ತೆ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟ ಆಗೋದು ಇದೇ. ಔಷಧಿ, ಬೆಳಕು, ಆಕ್ಸಿಜನ್, ಮೂರೂ ಒಂದೇ ಜಾಗದಲ್ಲಿ ಒಂದೇ ಹೊತ್ತಲ್ಲಿ ಸೇರಬೇಕು, ಒಂದು ಕೈ ಕೊಟ್ರೂ ಏನೂ ಆಗಲ್ಲ.

ಜೀವಕೋಶ ನೇರವಾಗಿ ಸಾಯೋದು ಒಂದು ಕಡೆ ಆದ್ರೆ, ಗಡ್ಡೆಗೆ ಹೋಗೋ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳೋದು ಇನ್ನೊಂದು, ಆಮೇಲೆ ದೇಹದ ರೋಗನಿರೋಧಕ ವ್ಯವಸ್ಥೆ ಎಚ್ಚೆತ್ತು ಬರೋದು ಮತ್ತೊಂದು. ಇದರಲ್ಲಿ ಯಾವುದರ ಪಾಲು ಎಷ್ಟು ಅನ್ನೋದು ಔಷಧಿ ಮೇಲೆ, ಇಂಜೆಕ್ಷನ್ ಆಗಿ ಎಷ್ಟು ಹೊತ್ತಿಗೆ ಬೆಳಕು ಬಿಟ್ರಿ ಅನ್ನೋದರ ಮೇಲೆ ನಿಂತಿದೆ.

ಇದು ರೇಡಿಯೇಷನ್ ಥರಾನೇ ಅಲ್ವಾ?

ಅಲ್ಲ. ಇಲ್ಲಿ ಬಳಸೋದು ಕಣ್ಣಿಗೆ ಕಾಣೋ ಕೆಂಪು ಬೆಳಕು, ಹೆಚ್ಚಂದ್ರೆ ಅದರ ಪಕ್ಕದ ಇನ್‌ಫ್ರಾರೆಡ್. ಅದು ತಾನಾಗೇ ಡಿಎನ್‌ಎ ಒಡೆಯಲ್ಲ. ರೇಡಿಯೇಷನ್ನಲ್ಲಿ ಒಂದು ಜಾಗಕ್ಕೆ ಜೀವಮಾನದಲ್ಲಿ ಇಷ್ಟೇ ಅಂತ ಮಿತಿ ಬರತ್ತೆ, ಪಿಡಿಟಿಯಲ್ಲಿ ಹಾಗಿಲ್ಲ, ಬೇಕಾದ್ರೆ ಅದೇ ಜಾಗಕ್ಕೆ ಮತ್ತೆ ಮಾಡಬಹುದು.

ಯಾರು ಕಂಡುಹಿಡಿದಿದ್ದು ಇದನ್ನ?

ಶುರು ಜರ್ಮನಿಯ ಮ್ಯೂನಿಕ್‌ನಲ್ಲಿ. ಆಸ್ಕರ್ ರಾಬ್ ಅಂತ ಒಬ್ಬ ಮೆಡಿಕಲ್ ಸ್ಟೂಡೆಂಟ್, ಹರ್ಮನ್ ಫಾನ್ ಟಾಪ್ಪೈನರ್ ಹತ್ರ ಕೆಲಸ ಮಾಡ್ತಿದ್ದ, ಆಕ್ರಿಡಿನ್ ಅನ್ನೋ ಬಣ್ಣ ಪ್ಯಾರಮೀಸಿಯಂ ಜೀವಿಗಳನ್ನ ಎಷ್ಟು ಹೊತ್ತಿಗೆ ಕೊಲ್ಲತ್ತೆ ಅಂತ ನೋಡ್ತಿದ್ದ, ಒಂದೇ ಪ್ರಯೋಗಕ್ಕೆ ಒಂದೊಂದು ದಿನ ಒಂದೊಂದು ಉತ್ತರ ಬರ್ತಿತ್ತು. ಕೊನೆಗೆ ನೋಡಿದ್ರೆ ವ್ಯತ್ಯಾಸ ಇದ್ದಿದ್ದು ಆವತ್ತಿನ ಬೆಳಕಲ್ಲಿ. 1900ರಲ್ಲಿ ಅದು ಪ್ರಕಟ ಆಯ್ತು, 1903ರ ಹೊತ್ತಿಗೆ ಟಾಪ್ಪೈನರ್ ಮತ್ತು ಯೆಸಿಯೋನೆಕ್ ಚರ್ಮದ ಗಡ್ಡೆಗೆ ಇಯೋಸಿನ್ ಹಚ್ಚಿ ಬೆಳಕು ಬಿಟ್ಟು ನೋಡಿದ್ರು. 1912ರಲ್ಲಿ ಫ್ರೀಡ್ರಿಕ್ ಮೇಯರ್-ಬೆಟ್ಸ್ ಅನ್ನೋ ಡಾಕ್ಟರ್ 200 ಮಿಲಿಗ್ರಾಂ ಹೆಮಟೋಪಾರ್ಫಿರಿನ್ ತನಗೇ ಚುಚ್ಚಿಕೊಂಡು ಬಿಸಿಲಿಗೆ ಹೋದ, ಮುಖ ಗುರುತೇ ಸಿಗದ ಹಾಗೆ ಊದಿಕೊಳ್ತು, ವಾರಗಟ್ಟಲೆ ಬಿಸಿಲು ತಡೆಯೋಕಾಗ್ತಿರಲಿಲ್ಲ. ಇವತ್ತು ಯಾವ ಎಥಿಕ್ಸ್ ಕಮಿಟೀನೂ ಇದಕ್ಕೆ ಒಪ್ಪಲ್ಲ, ಆದ್ರೆ ಪಾರ್ಫಿರಿನ್ ಮನುಷ್ಯನ ದೇಹದಲ್ಲಿ ಎಷ್ಟು ದಿನ ಕೂರತ್ತೆ ಅಂತ ಮೊದಲು ತೋರಿಸಿಕೊಟ್ಟಿದ್ದು ಅದೇ.

ಔಷಧಿಯಾಗಿ ಇದಕ್ಕೆ ನೆಲೆ ಕೊಟ್ಟಿದ್ದು ಅಮೆರಿಕದ ಬಫಲೋ ಊರಿನ ರಾಸ್‌ವೆಲ್ ಪಾರ್ಕ್ ಕ್ಯಾನ್ಸರ್ ಸಂಸ್ಥೆಯಲ್ಲಿದ್ದ ಥಾಮಸ್ ಡೋಹರ್ಟಿ. 1978ರಲ್ಲಿ 25 ಪೇಷೆಂಟ್‌ಗಳ 113 ಗಡ್ಡೆಗಳ ವರದಿ ಕೊಟ್ರು, 111 ಗಡ್ಡೆಗಳು ಪೂರ್ತಿಯಾಗಿಯೋ ಅರ್ಧಂಬರ್ಧವೋ ಕರಗಿದ್ವು. ಆ ಔಷಧಿಯೇ ಮುಂದೆ ಫೋಟೋಫ್ರಿನ್ ಆಯ್ತು, 1993ರಲ್ಲಿ ಕೆನಡಾದಲ್ಲಿ ಮೂತ್ರಕೋಶದ ಕ್ಯಾನ್ಸರ್‌ಗೆ, 1995ರಲ್ಲಿ ಅಮೆರಿಕದಲ್ಲಿ ಅನ್ನನಾಳದ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ತು.

ಫೋಟೋಫ್ರಿನ್ ಇದ್ದ ಮೇಲೆ ಹೊಸದು ಯಾಕೆ ಬೇಕು?

ಮೂರು ತೊಂದರೆ ಇದೆ ಅದರಲ್ಲಿ. ಅದು ಒಂದೇ ಅಣು ಅಲ್ಲ, ಹಲವು ಪಾರ್ಫಿರಿನ್‌ಗಳು ಜೋಡಿಸಿಕೊಂಡಿರೋ ಮಿಶ್ರಣ, ಯಾವುದು ಎಷ್ಟು ಕೆಲಸ ಮಾಡ್ತಿದೆ ಅಂತ ಕೆಮಿಸ್ಟ್ ಕಣ್ಣಿಂದ ನೋಡಿದ್ರೆ ಸಮಾಧಾನ ಇಲ್ಲ. ಎರಡನೇದು, ಅದು ಚರ್ಮದಲ್ಲಿ ಬಹಳ ದಿನ ಕೂರತ್ತೆ, ಕನಿಷ್ಠ 30 ದಿನ ಬಿಸಿಲಿಗೆ ಬರೋ ಹಾಗಿಲ್ಲ.

ಮೂರನೇದು ಬೆಳಕಿಂದು, ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಕತ್ತಲೆ ಕೋಣೇಲಿ ಮೊಬೈಲ್ ಟಾರ್ಚ್ ಹಾಕಿ ಅದರ ಮೇಲೆ ಬೆರಳಿಟ್ಟು ನೋಡಿ. ಟಾರ್ಚ್ ಬಿಳೀದು, ಬೆರಳಿಂದ ಆಚೆ ಬರೋದು ಬರೀ ಕೆಂಪು, ಉಳಿದಿದ್ದನ್ನೆಲ್ಲ ರಕ್ತ ಮಾಂಸ ನುಂಗಿಹಾಕತ್ತೆ. ಆದ್ರೆ ಸಾದಾ ಪಾರ್ಫಿರಿನ್ ತುಂಬಾ ಜೋರಾಗಿ ಬೆಳಕು ಹೀರೋದು 400-420 ನ್ಯಾನೋಮೀಟರ್ ಹತ್ರ, ಸೋರೆ ಬ್ಯಾಂಡ್ ಅಂತೀವಿ, ಅದು ನೇರಳೆ ಬೆಳಕು, ಚರ್ಮದ ಒಂದು ಮಿಲಿಮೀಟರ್ ದಾಟೋದೇ ಕಷ್ಟ. ಕೆಂಪಲ್ಲಿ ಅದು ಹೀರೋದು ಸೋರೆಯ ನೂರನೇ ಒಂದು ಪಾಲಿನ ಆಸುಪಾಸು ಅಷ್ಟೇ. ಫೋಟೋಫ್ರಿನ್‌ಗೆ 630 ನ್ಯಾನೋಮೀಟರ್ ಲೇಸರ್ ಬಳಸ್ತಾರೆ, ಅಲ್ಲಿ ಅದರ ಹೀರಿಕೆ ದುರ್ಬಲ, ಬೆಳಕು ಕೆಲಸ ಮಾಡೋ ಆಳಾನೂ ಅರ್ಧ ಸೆಂಟಿಮೀಟರ್ ಹತ್ರಾನೇ ನಿಲ್ಲತ್ತೆ.

ಪರಿಹಾರ ಇರೋದು ಉಂಗುರದಲ್ಲೇ. ಅಂಚಲ್ಲಿರೋ ಒಂದು ಡಬಲ್ ಬಾಂಡ್ ತೆಗೆದ್ರೆ ಕ್ಲೋರಿನ್ ಅನ್ನೋ ಬಗೆ ಆಗತ್ತೆ (ನೀರಿಗೆ ಹಾಕೋ ಕ್ಲೋರಿನ್ ಗ್ಯಾಸ್ ಅಲ್ಲ, ಕ್ಲೋರೋಫಿಲ್ ಕಡೆಯ ನೆಂಟ), 650ರ ಹತ್ರ ಹೀರಿಕೆ ಹತ್ತು ಪಟ್ಟಿನಷ್ಟು ಏರತ್ತೆ. ಟೆಮೋಪೋರ್ಫಿನ್ ಇದೇ ಜಾತಿ, ಲಂಡನ್‌ನಲ್ಲಿ ರೇಮಂಡ್ ಬಾನೆಟ್ ಅವರ ಗುಂಪು ಮಾಡಿದ್ದು, 652 ನ್ಯಾನೋಮೀಟರ್ ಬೆಳಕು. ಎದುರು ಬದುರು ಎರಡು ಡಬಲ್ ಬಾಂಡ್ ತೆಗೆದ್ರೆ ಬ್ಯಾಕ್ಟೀರಿಯೋಕ್ಲೋರಿನ್, 740ರ ಆಚೆಗೂ ಹೋಗತ್ತೆ, ಇಸ್ರೇಲ್‌ನ ವೈಜ್‌ಮನ್ ಇನ್‌ಸ್ಟಿಟ್ಯೂಟ್‌ನಿಂದ ಬಂದ ಪಡೆಲಿಪೋರ್ಫಿನ್‌ಗೆ 753. ಹಾಗಾದ್ರೆ 1000ಕ್ಕೇ ಹೋಗ್ಬಹುದಲ್ಲ ಅಂತ ಕೇಳ್ತಾರೆ. ಆಗಲ್ಲ. ಸಿಂಗ್ಲೆಟ್ ಆಕ್ಸಿಜನ್ ಹುಟ್ಟಿಸೋಕೆ ಮೋಲ್‌ಗೆ 94 ಕಿಲೋಜೂಲ್ ಎನರ್ಜಿ ಬೇಕೇ ಬೇಕು, ತರಂಗ ಉದ್ದ ಆದಷ್ಟೂ ಎನರ್ಜಿ ಕಮ್ಮಿ ಆಗತ್ತೆ, ದಾರಿಯಲ್ಲಿ ಸೋರಿ ಹೋಗೋದನ್ನೂ ಲೆಕ್ಕ ಹಾಕಿದ್ರೆ 800-850 ದಾಟಿದ ಮೇಲೆ ಕೈಗೆ ಸಾಲಲ್ಲ. ಅದೂ ಅಲ್ದೆ ಬ್ಯಾಕ್ಟೀರಿಯೋಕ್ಲೋರಿನ್‌ಗಳು ಗಾಳಿ ಬೆಳಕಲ್ಲಿ ಇಟ್ರೆ ಸುಲಭವಾಗಿ ವಾಪಸ್ ಆಕ್ಸಿಡೈಸ್ ಆಗಿಬಿಡ್ತವೆ, ಅದನ್ನ ತಡೆದುಕೊಳ್ಳೋ ಹಾಗೆ ಡಿಸೈನ್ ಮಾಡೋದೇ ಒಂದು ದೊಡ್ಡ ಕೆಲಸ.

ಲ್ಯಾಬಲ್ಲಿ ಹೇಗೆ ತಯಾರು ಮಾಡ್ತೀರಾ?

ಸರಳವಾದ ದಾರಿ 1967ರ ಆಡ್ಲರ್-ಲಾಂಗೋ ವಿಧಾನ. ಪ್ರೊಪಿಯೋನಿಕ್ ಆಸಿಡ್‌ನ 141 ಡಿಗ್ರಿಯಲ್ಲಿ ಕುದಿಸ್ತಾ ಬೆಂಜಾಲ್ಡಿಹೈಡ್ ಮತ್ತು ಪಿರೋಲ್ ಸಮ ಮೋಲ್ ಹಾಕಿ ಅರ್ಧ ಗಂಟೆ ಬಿಡೋದು. ಪಿರೋಲ್ ಬಾಟಲಿ ತೆಗೆದಾಗ ಕಂದು ಬಣ್ಣಕ್ಕೆ ತಿರುಗಿದ್ರೆ ಮೊದಲು ಡಿಸ್ಟಿಲ್ ಮಾಡಿ, ಬಣ್ಣ ಇಲ್ಲದ ಹಾಗೆ ಬಂದಿದ್ದನ್ನ ತಕ್ಷಣ ಬಳಸಿ. ಫ್ಲಾಸ್ಕ್ ನಿಮಿಷಗಳಲ್ಲಿ ಕಪ್ಪು ಟಾರ್ ಆಗತ್ತೆ, ಮೊದಲ ಸಲ ಮಾಡೋ ಮಕ್ಕಳು ಎಲ್ಲಾ ಹಾಳಾಯ್ತು ಅಂತ ಗಾಬರಿ ಆಗ್ತಾರೆ. ತಣ್ಣಗಾಗೋಕೆ ಬಿಟ್ಟು ಫಿಲ್ಟರ್ ಮಾಡಿ ಮೆಥನಾಲ್‌ನಲ್ಲಿ ತೊಳೀತಾ ಹೋದ್ರೆ ಕಪ್ಪೆಲ್ಲ ಕೆಳಗಿಳಿದು ಫಿಲ್ಟರ್ ಪೇಪರ್ ಮೇಲೆ ನೇರಳೆ ಹರಳು ಮಿರಮಿರ ಅಂತ ಉಳಿಯತ್ತೆ. ಇಳುವರಿ 20 ಪರ್ಸೆಂಟ್ ಸುತ್ತಮುತ್ತ. ಆಸಿಡ್ ವಾಸನೆ ಬಟ್ಟೆಗೆ ಹತ್ತಿದ್ರೆ ಮನೇವರೆಗೂ ಬರತ್ತೆ.

ಎಲ್ಲಾ ಆಲ್ಡಿಹೈಡ್‌ಗಳೂ ಆ ಬಿಸಿ ತಡೆಯಲ್ಲ. ಸೂಕ್ಷ್ಮ ಗುಂಪುಗಳಿದ್ರೆ 1980ರ ದಶಕದಲ್ಲಿ ಜೊನಾಥನ್ ಲಿಂಡ್ಸೆ ಕೊಟ್ಟ ದಾರಿ ಹಿಡೀತೀವಿ, ರೂಮ್ ಟೆಂಪರೇಚರ್, ತುಂಬಾ ತೆಳು ಮಾಡಿದ ಡೈಕ್ಲೋರೋಮೀಥೇನ್ ದ್ರಾವಣ, ಚೂರೇ ಚೂರು ಬೋರಾನ್ ಟ್ರೈಫ್ಲೋರೈಡ್ ಈಥರೇಟ್, ಆಮೇಲೆ ಡಿಡಿಕ್ಯೂ ಹಾಕಿ ಆಕ್ಸಿಡೈಸ್. ಇಳುವರಿ ಜಾಸ್ತಿ ಬರತ್ತೆ, ಸಾಲ್ವೆಂಟ್ ಮಾತ್ರ ಲೀಟರ್‌ಗಟ್ಟಲೆ ಹೋಗತ್ತೆ.

ನಿಜವಾದ ದುಡಿಮೆ ಇರೋದು ಕಾಲಮ್‌ನಲ್ಲಿ, ಅಂದ್ರೆ ಬಂದಿದ್ದನ್ನ ಬೇರ್ಪಡಿಸಿ ಶುದ್ಧ ಮಾಡೋದರಲ್ಲಿ. ಆಡ್ಲರ್ ವಿಧಾನದಲ್ಲಿ ಬಂದಿದ್ರಲ್ಲಿ ಸ್ವಲ್ಪ ಕ್ಲೋರಿನ್ ಬೆರೆತೇ ಇರತ್ತೆ. ಸಣ್ಣ ಪ್ರಮಾಣ ಅಂತ ಬಿಟ್ರೆ ಅದು 650ರ ಹತ್ರ ಒಂದು ಉಬ್ಬು ತೋರಿಸತ್ತೆ, ನೀವು ನಮ್ಮ ಪಾರ್ಫಿರಿನ್ ಕೆಂಪು ಬೆಳಕಲ್ಲಿ ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ಖುಷಿ ಪಡ್ತೀರಿ, ಕೆಲಸ ಮಾಡ್ತಿರೋದು ಕಲಬೆರಕೆ. ಅದಕ್ಕೇ ಟಿಎಲ್‌ಸಿ ಪ್ಲೇಟ್ (ಶುದ್ಧ ಇದೆಯಾ ಅಂತ ಚುಕ್ಕೆ ಬಿಡಿಸಿ ನೋಡೋ ತೆಳು ಹಲಗೆ) ಯುವಿ ಲ್ಯಾಂಪ್ ಕೆಳಗೆ ಹಿಡಿದು ಒಂದೇ ಕೆಂಪು ಚುಕ್ಕೆ ಹೊಳೀತಿದೆ ಅಂತ ಖಾತ್ರಿ ಆಗೋವರೆಗೆ, ಅಣುವಿನ ರಚನೆ, ತೂಕ ತೋರಿಸೋ ಎನ್‌ಎಂಆರ್, ಮಾಸ್ ಪರೀಕ್ಷೆ ಎಲ್ಲಾ ಸರಿ ಬರೋವರೆಗೆ ಜೀವಕೋಶದ ಹತ್ರ ಹೋಗಲೇಬಾರದು.

ಮಧ್ಯದಲ್ಲಿ ಯಾವ ಲೋಹ ಹಾಕ್ತೀರಾ?

ಸತು, ಪಲ್ಲಾಡಿಯಂ ಇಂಥವು ಆಗತ್ತೆ, ಎಷ್ಟೋ ಸಲ ಲೋಹ ಇಲ್ದೇನೂ ಆಗತ್ತೆ. ಕಬ್ಬಿಣ, ತಾಮ್ರ ಹಾಕಿದ್ರೆ ಉತ್ತೇಜಿತ ಸ್ಥಿತಿ ಬೇಗ ಆರಿಹೋಗತ್ತೆ, ಆಕ್ಸಿಜನ್ ಸಿಗೋಷ್ಟು ಹೊತ್ತು ಉಳಿಯಲ್ಲ. ಮೈತುಂಬ ಹೀಮ್ ಇಟ್ಕೊಂಡು ನಾವು ಬಿಸಿಲಲ್ಲಿ ಓಡಾಡೋಕೆ ಆಗ್ತಿರೋದು ಹೀಗಾಗಿ.

ನೀರಲ್ಲಿ ಕರಗಲ್ವಂತೆ, ಮತ್ತೆ ಇಂಜೆಕ್ಷನ್ ಹೇಗೆ ಕೊಡ್ತಾರೆ?

ಸರಿಯಾದ ಪ್ರಶ್ನೆ. ಚಪ್ಪಟೆ ಉಂಗುರಗಳು ನೀರಿಗೆ ಬಿದ್ರೆ ದೋಸೆ ಮೇಲೆ ದೋಸೆ ಪೇರಿಸಿದ ಹಾಗೆ ಒಂದರ ಮೇಲೊಂದು ಕೂತುಬಿಡ್ತವೆ, ಹಾಗೆ ಕೂತವು ಬೆಳಕು ಹೀರಿದ್ರೂ ಅದು ಬಿಸಿಯಾಗಿ ಹೋಗತ್ತೆ ಹೊರತು ಸಿಂಗ್ಲೆಟ್ ಆಕ್ಸಿಜನ್ ಸರಿಯಾಗಿ ಕೊಡಲ್ಲ. ಇದಕ್ಕೆ ಸುತ್ತ ಸಲ್ಫೋನೇಟ್, ಪಿರಿಡಿನಿಯಂ ಥರ ಚಾರ್ಜ್ ಇರೋ ಗುಂಪು ಕಟ್ತೀವಿ, ಪಾಲಿಎಥಿಲೀನ್ ಗ್ಲೈಕಾಲ್ ಬಾಲ ಸೇರಿಸ್ತೀವಿ, ಅಥವಾ ಲೈಪೋಸೋಮ್ ಅನ್ನೋ ಕೊಬ್ಬಿನ ಪುಟ್ಟ ಗುಳ್ಳೆ ಒಳಗೆ ಇಡ್ತೀವಿ. ಕಣ್ಣಿನ ಮ್ಯಾಕುಲಾ ಕಾಯಿಲೆಗೆ 2000ದಲ್ಲಿ ಒಪ್ಪಿಗೆ ಆದ ವರ್ಟೆಪೋರ್ಫಿನ್ ಲೈಪೋಸೋಮ್ ರೂಪದಲ್ಲೇ ಕೊಡೋದು. ಆದ್ರೆ ತೀರಾ ನೀರಿಗೆ ಒಗ್ಗೋ ಹಾಗೆ ಮಾಡಿದ್ರೆ ಜೀವಕೋಶದ ಪೊರೆ ದಾಟಿ ಒಳಗೇ ಹೋಗಲ್ಲ. ನೀರೂ ಬೇಕು, ಎಣ್ಣೆಯೂ ಬೇಕು, ಈ ಹದ ಸಿಗೋಕೆ ಒಂದೇ ಉಂಗುರದ ಹತ್ತಾರು ರೂಪ ಮಾಡಿ ನೋಡಬೇಕಾಗತ್ತೆ.

ಕ್ಯಾನ್ಸರ್ ಜೀವಕೋಶಕ್ಕೆ ಮಾತ್ರ ಹೋಗತ್ತಾ?

ಮಾತ್ರ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಗಡ್ಡೆಯಲ್ಲಿ ಜಾಸ್ತಿ ಹೊತ್ತು ನಿಲ್ಲತ್ತೆ ಅನ್ನೋದು ನಿಜ. ಅದರ ರಕ್ತನಾಳ ಸೋರತ್ತೆ, ಒಳಗೆ ಹೋಗಿದ್ದನ್ನ ವಾಪಸ್ ಸಾಗಿಸೋ ವ್ಯವಸ್ಥೆ ಸರಿಯಿರಲ್ಲ, ಕೊಬ್ಬು ಸಾಗಿಸೋ ಎಲ್‌ಡಿಎಲ್ ಕಣಗಳಿಗೆ ಪಾರ್ಫಿರಿನ್ ಅಂಟಿಕೊಂಡು ಅದರ ಜೊತೇಲೇ ಒಳಗೆ ಹೋಗತ್ತೆ. ಆದ್ರೂ ಚರ್ಮ, ಲಿವರ್‌ಗೂ ಹೋಗೇ ಹೋಗತ್ತೆ. ಗುರಿ ಇಡೋ ದೊಡ್ಡ ಕೆಲಸ ಮಾಡೋದು ಬೆಳಕು. ಡಾಕ್ಟರ್ ಬೆಳಕು ಸಾಗಿಸೋ ಫೈಬರ್‌ನ ಎಲ್ಲಿ ಹಿಡೀತಾರೋ ಅಲ್ಲಿ ಮಾತ್ರ ಕೆಲಸ.

ಇದರಲ್ಲಿ ತುಂಬಾ ಚೆಂದದ ಉಪಾಯ ಅಂದ್ರೆ 5-ಎಎಲ್‌ಎ, ಅಮೈನೋಲೆವುಲಿನಿಕ್ ಆಸಿಡ್. 1990ರಲ್ಲಿ ಕೆನಡಾದ ಕಿಂಗ್‌ಸ್ಟನ್‌ನಲ್ಲಿ ಕೆನಡಿ ಮತ್ತು ಪಾಟ್ಟಿಯರ್ ತೋರಿಸಿದ್ದು. ಪಾರ್ಫಿರಿನ್ ಕೊಡೋದೇ ಇಲ್ಲ, ಅದರ ಕಚ್ಚಾ ವಸ್ತು ಕೊಡೋದು, ಜೀವಕೋಶಾನೇ ಪ್ರೋಟೋಪಾರ್ಫಿರಿನ್ ಮಾಡ್ಕೊಳ್ಳತ್ತೆ. ಮಾಮೂಲಿ ಜೀವಕೋಶ ಅದಕ್ಕೆ ಕಬ್ಬಿಣ ಸೇರಿಸಿ ಹೀಮ್ ಮಾಡಿ ಮುಗಿಸಿಬಿಡತ್ತೆ, ಹಲವು ಗಡ್ಡೆಗಳಲ್ಲಿ ಕಬ್ಬಿಣ ಸೇರಿಸೋ ಎಂಜೈಮ್ ನಿಧಾನ ಇರೋದರಿಂದ ಪಾರ್ಫಿರಿನ್ ತುಂಬಿಕೊಳ್ಳತ್ತೆ. ಒಂದೆರಡು ದಿನದಲ್ಲಿ ದೇಹದಿಂದ ಹೋಗೂ ಬಿಡತ್ತೆ. ಮೆದುಳಿನ ಗ್ಲಿಯೋಮಾ ಆಪರೇಷನ್‌ಗೆ ಮುಂಚೆ ಇದನ್ನ ಕುಡಿಸಿ ನೀಲಿ ಬೆಳಕು ಬಿಟ್ರೆ ಗಡ್ಡೆ ಇರೋ ಜಾಗ ಕೆಂಪಗೆ ಹೊಳೆಯತ್ತೆ, ಸರ್ಜನ್‌ಗೆ ಅಂಚು ಕಾಣತ್ತೆ. ಅಮೆರಿಕದಲ್ಲಿ ಇದಕ್ಕೆ 2017ರಲ್ಲಿ ಒಪ್ಪಿಗೆ ಆಯ್ತು.

ಹೊಸ ಅಣು ಕೆಲಸ ಮಾಡತ್ತೆ ಅಂತ ಹೇಗೆ ಗೊತ್ತಾಗತ್ತೆ?

ಮೊದಲು ಟೆಸ್ಟ್ ಟ್ಯೂಬಲ್ಲಿ. ಡಿಪಿಬಿಎಫ್ ಅನ್ನೋ ಹಳದಿ ವಸ್ತು ಬೆರೆಸಿ ಬೆಳಕು ಬಿಡ್ತೀವಿ, ಸಿಂಗ್ಲೆಟ್ ಆಕ್ಸಿಜನ್ ಹುಟ್ಟಿದ ಹಾಗೆಲ್ಲ ಹಳದಿ ಕರಗ್ತಾ ಬರತ್ತೆ, ಎಷ್ಟು ಬೇಗ ಕರಗಿತು ಅನ್ನೋದನ್ನ ಟೆಟ್ರಾಫೀನೈಲ್ ಪಾರ್ಫಿರಿನ್ ಜೊತೆ ಹೋಲಿಸ್ತೀವಿ. ಎರಡರ ಹೀರಿಕೆಯೂ 410ರ ಆಸುಪಾಸಲ್ಲೇ ಬರೋದರಿಂದ ಪಾರ್ಫಿರಿನ್ ತುಂಬಾ ತೆಳು ಇರಬೇಕು, ಫಿಲ್ಟರ್ ಹಾಕಿ ಬರೀ ಕೆಂಪು ಬೆಳಕೇ ಬೀಳೋ ಹಾಗೆ ನೋಡ್ಕೋಬೇಕು. ಒಳ್ಳೇ ಡಿಟೆಕ್ಟರ್ ಇದ್ರೆ 1270 ನ್ಯಾನೋಮೀಟರ್‌ನಲ್ಲಿ ಸಿಂಗ್ಲೆಟ್ ಆಕ್ಸಿಜನ್ನಿನ ಸ್ವಂತ ಮಿಂಚನ್ನೇ ಅಳೀಬಹುದು.

ಆಮೇಲೆ ಜೀವಕೋಶ. 96 ಗುಂಡಿ ಇರೋ ಪ್ಲೇಟ್ ಎರಡು, ಒಂದಕ್ಕೆ ಬೆಳಕು, ಇನ್ನೊಂದು ಫಾಯಿಲ್ ಸುತ್ತಿ ಕತ್ತಲಲ್ಲಿ. ಔಷಧಿ ಇಲ್ದೆ ಬೆಳಕು ಮಾತ್ರ ಬಿದ್ದವು, ಎರಡೂ ಇಲ್ದವು, ಇವೂ ಇರಲೇಬೇಕು. ಸೆಂಟಿಮೀಟರ್ ಚದರಕ್ಕೆ 100 ಮಿಲಿವ್ಯಾಟ್ ಬೆಳಕು 100 ಸೆಕೆಂಡ್ ಬಿಟ್ರೆ 10 ಜೂಲ್, ಈ ಲೆಕ್ಕ ಬರೆಯದೇ ಇರೋ ಡೇಟಾಕ್ಕೆ ಬೆಲೆ ಇಲ್ಲ. ಕತ್ತಲಲ್ಲೇ ಜೀವಕೋಶ ಸಾಯ್ತಿದ್ರೆ ಅದು ಬರೀ ವಿಷ, ಪಿಡಿಟಿ ಔಷಧಿ ಅಲ್ಲ. ಎಂಟಿಟಿ ಟೆಸ್ಟ್ (ಬಣ್ಣ ಅಳೆದು ಎಷ್ಟು ಜೀವಕೋಶ ಬದುಕಿದೆ ಅಂತ ನೋಡೋದು) ಮಾಡೋರು ಇನ್ನೊಂದು ಗಮನಿಸಿ, ಪಾರ್ಫಿರಿನ್‌ದೂ ಬಣ್ಣಾನೇ, ಸರಿಯಾಗಿ ತೊಳೀದೇ ಓದಿದ್ರೆ ಅದರ ಬಣ್ಣಾನೂ ಬದುಕಿರೋ ಜೀವಕೋಶದ ಲೆಕ್ಕಕ್ಕೆ ಸೇರಿಹೋಗತ್ತೆ.

ಪ್ಲೇಟಲ್ಲಿ ಜೀವಕೋಶ ಸತ್ತಿದೆ ಅಂದ ತಕ್ಷಣ ಕ್ಯಾನ್ಸರ್‌ಗೆ ಔಷಧಿ ಸಿಕ್ತು ಅಂತ ಬರೆಯೋದು ನೋಡಿದ್ರೆ ನನಗೆ ನಿಜಕ್ಕೂ ಸಂಕಟ ಆಗತ್ತೆ. ಪ್ಲೇಟಲ್ಲಿ ಒಂದು ಪದರ ಜೀವಕೋಶ, ಬೆಳಕು ಆಕ್ಸಿಜನ್ ಎಲ್ಲಾ ಧಾರಾಳ. ದೇಹದೊಳಗಿನ ಗಡ್ಡೆಯ ನಡುವೆ ಆಕ್ಸಿಜನ್ನೇ ಇರಲ್ಲ, ಬೆಳಕು ಜೋರು ಮಾಡಿದ್ರೆ ಇರೋ ಆಕ್ಸಿಜನ್ನೂ ಬೇಗ ಖಾಲಿ, ಅದಕ್ಕೇ ಕೆಲವು ಸಲ ಬೆಳಕನ್ನ ನಿಧಾನವಾಗಿ, ಬಿಟ್ಟು ಬಿಟ್ಟು ಕೊಡ್ತಾರೆ. ಕೊಲ್ಲೋ ಅಣು ಮಾಡೋದು ಸುಲಭ. ಗಡ್ಡೆ ತಲುಪಿ, ಆಳದ ಬೆಳಕಿಗೆ ಓಗೊಟ್ಟು, ಕೆಲಸ ಮುಗಿದ ಮೇಲೆ ದೇಹ ಬಿಟ್ಟು ಹೋಗೋ ಅಣು ಮಾಡೋದರಲ್ಲೇ ವರ್ಷಗಳು ಹೋಗೋದು.

ನಮ್ಮ ತಂದೆಗೆ ಲಿವರ್‌ಗೂ ಹರಡಿದೆ, ಪಿಡಿಟಿ ಮಾಡಿಸಬಹುದಾ?

ಹೀಗೆ ಕೇಳೋರಿಗೆ ಉತ್ತರ ಕೊಡೋದು ಕಷ್ಟ, ಆದ್ರೂ ನೇರವಾಗಿ ಹೇಳ್ತೀನಿ. ಪಿಡಿಟಿ ಬೆಳಕು ಬಿದ್ದ ಜಾಗದ ಚಿಕಿತ್ಸೆ. ದೇಹದಲ್ಲಿ ಹಲವು ಕಡೆ ಹರಡಿದ ಕ್ಯಾನ್ಸರ್‌ಗೆ ಅದು ಕೀಮೋ ಥರ ಎಲ್ಲಾ ಕಡೆ ಹೋಗಿ ಕೆಲಸ ಮಾಡಲ್ಲ. ಚರ್ಮದ ಮೇಲಿನ, ಬಾಯಿ, ಅನ್ನನಾಳ, ಶ್ವಾಸನಾಳದ ಒಳಪದರದ, ತೆಳುವಾದ, ಬೇಗ ಸಿಕ್ಕಿದ ಗಡ್ಡೆಗಳಿಗೆ ಚೆನ್ನಾಗಿ ಹೊಂದತ್ತೆ. ದೊಡ್ಡ ಗಡ್ಡೆ ನಾಳ ಕಟ್ಟಿ ನುಂಗೋಕೆ, ಉಸಿರಾಡೋಕೆ ಕಷ್ಟ ಆದಾಗ ದಾರಿ ಬಿಡಿಸೋಕೂ ಬಳಸ್ತಾರೆ. ಡಾಕ್ಟರ್ ಸರ್ಜರಿ ಅಥವಾ ಕೀಮೋ ಅಂತ ಹೇಳಿದ್ದಾಗ ಬೆಳಕಿನ ಔಷಧಿ ಬರತ್ತೆ ಅಂತ ಕಾಯಬೇಡಿ ದಯವಿಟ್ಟು, ಆ ತಿಂಗಳುಗಳು ವಾಪಸ್ ಸಿಗಲ್ಲ.

ಬಾಯಿ ಕ್ಯಾನ್ಸರ್‌ಗೆ ನಮ್ಮ ದೇಶದಲ್ಲಿ ಯಾರಾದ್ರೂ ಮಾಡಿದಾರಾ?

ಮಾಡಿದಾರೆ. ಉತ್ತರ ಪ್ರದೇಶದ ಅಲಿಗಢದ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಲ್ಲಿ, ಅಮೆರಿಕದ ತಯ್ಯಬಾ ಹಸನ್ ಮತ್ತು ಜೊನಾಥನ್ ಸೆಲ್ಲಿ ಅವರ ಗುಂಪುಗಳ ಜೊತೆ ಸೇರಿ, 5-ಎಎಲ್‌ಎ ಮತ್ತು ಬ್ಯಾಟರಿಯಲ್ಲಿ ನಡೆಯೋ ಕಡಿಮೆ ಖರ್ಚಿನ ಎಲ್‌ಇಡಿ ಸಾಧನ ಇಟ್ಕೊಂಡು ಆರಂಭದ ಹಂತದ ಬಾಯಿ ಕ್ಯಾನ್ಸರ್‌ಗೆ ಪ್ರಯತ್ನ ಮಾಡಿದ್ರು. ದುಬಾರಿ ಲೇಸರ್ ಬೇಡ, ಕರೆಂಟ್ ಹೋದ್ರೂ ನಿಲ್ಲಲ್ಲ. ಗುಟ್ಕಾ, ಹೊಗೆಸೊಪ್ಪು, ಅಡಿಕೆ ಜಗಿಯೋ ಅಭ್ಯಾಸ ಇಷ್ಟಿರೋ ನಮ್ಮ ಕರ್ನಾಟಕದಂಥ ಕಡೆ ಈ ಕೆಲಸ ಮುಂದುವರೀಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಬಾಯಿ ತೆರೆದ್ರೆ ಬೆಳಕು ಬಿಡಬಹುದು, ಬೇಗ ಸಿಕ್ಕಿದ್ರೆ ಪದರ ತೆಳುವಾಗೇ ಇರತ್ತೆ, ಪಿಡಿಟಿ ಆದ ಜಾಗ ಕಲೆ ಕಮ್ಮಿಯಾಗಿ ಮಾಯತ್ತೆ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಆದ್ರೂ ಮಾಯದ ಹುಣ್ಣು ಇದ್ರೆ ಇವತ್ತೇ ತೋರಿಸಿ.

ಸೈಡ್ ಎಫೆಕ್ಟ್ ಏನು?

ಮುಖ್ಯವಾಗಿ ಬೆಳಕಿನ ಅಲರ್ಜಿ ಥರದ ಸ್ಥಿತಿ. ಸನ್‌ಸ್ಕ್ರೀನ್ ಹಚ್ಚಿಕೊಂಡ್ರೆ ಸಾಕು ಅಂದ್ಕೋಬೇಡಿ, ಅದು ತಡೆಯೋದು ಯುವಿ, ಇಲ್ಲಿ ಸುಡೋದು ಕಣ್ಣಿಗೆ ಕಾಣೋ ಬೆಳಕು, ಕಿಟಕಿ ಗಾಜಿನ ಹಿಂದೆ ಕೂತ್ರೂ ಬಿಸಿಲು ಬಿಸಿಲೇ. ತುಂಬು ತೋಳಿನ ಬಟ್ಟೆ, ಟೋಪಿ, ಕಪ್ಪು ಕನ್ನಡಕ ಬೇಕು, ಹಲ್ಲಿನ ಡಾಕ್ಟರ್ ಹತ್ರ ಹೋದ್ರೆ ಅವರ ದೀಪದ ಬಗ್ಗೆ ಮೊದಲೇ ಹೇಳಿ. ಹಾಗಂತ ಕತ್ತಲೆ ಕೋಣೇಲಿ ಕೂರೋದೂ ಬೇಡ, ಮನೆಯೊಳಗಿನ ಮಾಮೂಲಿ ಬೆಳಕು ಚರ್ಮದಲ್ಲಿ ಉಳಿದ ಔಷಧೀನ ನಿಧಾನವಾಗಿ ಕರಗಿಸತ್ತೆ. ಚಿಕಿತ್ಸೆ ಆದ ಜಾಗದಲ್ಲಿ ನೋವು, ಊತ ಇದ್ದೇ ಇರತ್ತೆ, ಎಎಲ್‌ಎ ಹಚ್ಚಿ ಚರ್ಮಕ್ಕೆ ಬೆಳಕು ಬಿಡೋವಾಗ ಉರಿ ಜೋರಾಗೇ ಇರತ್ತೆ.

ಅಂಗಡೀಲಿ ಸಿಗೋ ರೆಡ್ ಲೈಟ್ ಮಾಸ್ಕ್ ತಗೊಂಡ್ರೆ ಆಗಲ್ವಾ?

ಇಲ್ಲ. ಔಷಧಿ ಇಲ್ದೆ ಬೆಳಕಿಂದ ಪಿಡಿಟಿ ಆಗಲ್ಲ. ಆನ್‌ಲೈನಲ್ಲಿ ಸಿಗೋ ಕ್ಲೋರೋಫಿಲ್ ಡ್ರಾಪ್ಸ್ ಕುಡಿದು ಬೆಳಕಿಗೆ ಕೂರೋದೂ ಬೇಡ.

ಲ್ಯಾಬಿಂದ ಆಸ್ಪತ್ರೆಗೆ ಬರೋಕೆ ಎಷ್ಟು ಕಾಲ?

ಒಪ್ಪಿಗೆ ಸಿಗೋ ದಾರಿ ನೇರ ಇಲ್ಲ. ಟೆಮೋಪೋರ್ಫಿನ್‌ಗೆ ಯುರೋಪಲ್ಲಿ 2001ರಲ್ಲಿ ತಲೆ-ಕುತ್ತಿಗೆ ಕ್ಯಾನ್ಸರ್‌ಗೆ ಒಪ್ಪಿಗೆ ಸಿಕ್ತು, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಲಿಲ್ಲ. ಪಡೆಲಿಪೋರ್ಫಿನ್‌ಗೆ 2017ರಲ್ಲಿ ಯುರೋಪ್ ಹೂಂ ಅಂತು, 2020ರಲ್ಲಿ ಎಫ್‌ಡಿಎ ಸಲಹಾ ಸಮಿತಿ ಬೇಡ ಅಂತು. ಇಲ್ಲಿ ಔಷಧಿ ಒಂದೇ ಪಾಸಾದ್ರೆ ಸಾಲದು, ಅದರ ಲೇಸರ್, ಫೈಬರ್, ಎಷ್ಟು ಗಂಟೆ ಬಿಟ್ಟು ಬೆಳಕು ಅನ್ನೋದು, ಎಲ್ಲಾ ಒಟ್ಟಿಗೇ ಪರೀಕ್ಷೆಗೆ ಕೂರಬೇಕು.

ನಾನು ಎಂಎಸ್ಸಿ ಕೆಮಿಸ್ಟ್ರಿ, ಈ ಫೀಲ್ಡ್‌ಗೆ ಬರಬಹುದಾ?

ಖಂಡಿತ ಬನ್ನಿ. ನಮ್ಮ ದೇಶದಲ್ಲಿ ಪಾರ್ಫಿರಿನ್ ಕೆಮಿಸ್ಟ್ರಿಗೆ ಒಳ್ಳೇ ಬೇರಿದೆ, ಐಐಟಿ ಕಾನ್ಪುರದಲ್ಲಿ ಟಿ.ಕೆ. ಚಂದ್ರಶೇಖರ್ ಉಂಗುರವನ್ನೇ ದೊಡ್ಡದು ಮಾಡಿದ ಎಕ್ಸ್‌ಪ್ಯಾಂಡೆಡ್ ಪಾರ್ಫಿರಿನ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ರು, ಬೆಂಗಳೂರಿನ ಐಐಎಸ್‌ಸಿಯಲ್ಲಿ ಅಖಿಲ್ ಚಕ್ರವರ್ತಿ ಅವರ ಗುಂಪು ಪಾರ್ಫಿರಿನ್ ಅಲ್ಲದ ಬೇರೆ ಬಗೆಯ ಕಬ್ಬಿಣ, ವೆನೇಡಿಯಂ ಕಾಂಪ್ಲೆಕ್ಸ್‌ಗಳನ್ನ ಬೆಳಕಿಂದ ಕೆಲಸ ಮಾಡೋ ಹಾಗೆ ಕಟ್ಟಿತು. ಗೈಡ್ ಹುಡುಕೋವಾಗ ನೇರವಾಗಿ ಕೇಳಿ: ಜೀವಕೋಶದ ಕೆಲಸ ಯಾರು ಮಾಡ್ತಾರೆ, ಬೆಳಕಿನ ಮೂಲದ ಪವರ್ ಮೀಟರ್ ಲ್ಯಾಬಲ್ಲೇ ಇದೆಯಾ, ಪ್ರಾಣಿ ಪ್ರಯೋಗದವರೆಗೆ ಹೋಗೋ ಸಹಭಾಗಿಗಳು ಇದಾರಾ. ಇಲ್ಲ ಅಂದ್ರೆ ನಿಮ್ಮ ಅಣು ಫ್ರಿಜ್‌ನಲ್ಲಿ ಫಾಯಿಲ್ ಸುತ್ತಿಕೊಂಡು ಕೂರತ್ತೆ.